ಮೈಯೆಲ್ಲ ಧನ, ತಂತಿಯಲ್ಲಿ ಋಣ

ಮೊದಲ ಸಲ ಅವನು ನನ್ನ ಕಣ್ಣಿಗೆ ಬಿದ್ದದ್ದೇ
ಕಾಣದೆ ಇದ್ದದ್ದರಿಂದ.

ನವೆಂಬರ್, ಸಂಜೆ ನಾಲ್ಕೂವರೆ.
ಸಿಕ್ಸ್‌ಟೀನ್ ಫುಟ್ ಕಾಲುವೆಯ ಮಗ್ಗುಲ ದಾರಿ
ದಾರ ಬಿಗಿದಷ್ಟು ನೇರ,
ನೀರಿಂದೆದ್ದ ಮಂಜು ಡಾಂಬರಿನ ಮೇಲೆ ಮಲಗಿತ್ತು.
ನನ್ನ ಲಾರಿಯ ಬೆನ್ನಿಗೆ ಇಪ್ಪತ್ತೆಂಟು ಟನ್ ಸಕ್ಕರೆ ಬೀಟು,
ಮಣ್ಣು ಸಮೇತ.
ಮುಂದೆ ಎರಡು ಸಿಗರೇಟಿನ ತುದಿ.
ದಡದಲ್ಲಿ ಯಾರೋ ಕೂತು ಸೇದುತ್ತಿದ್ದಾರೆ ಅಂದುಕೊಂಡೆ.
ಅದು ಕಾರು.

ಬ್ರೇಕು ತುಳಿದ ರಭಸಕ್ಕೆ ಗೆಡ್ಡೆಗಳು
ಹಿಂದಿನಿಂದ ದಬದಬ ಬಡಿದವು,
ಸಾಲ ಕೊಟ್ಟವರು ಬಾಗಿಲು ಬಡಿದ ಹಾಗೆ.
ಇಳಿದು ಹೋಗಿ ನನ್ನ ಭಾಷೆಯಲ್ಲೇ ಬೈದೆ.
ಲಿಥುವೇನಿಯದ ಬೈಗುಳ ಅಂದರೆ ಎಷ್ಟು ಮಹಾ:
ಹಾವು, ಕಪ್ಪೆ, ಮಿತಿಮೀರಿದರೆ ಸಿಡಿಲು.
ಮುದುಕ ಟೋಪಿ ತೆಗೆದು ಪೂರ್ತಿ ಕೇಳಿಸಿಕೊಂಡ.

ಹೆಡ್ಲಿ ಥರ್ಕೆಟಲ್, ಎಪ್ಪತ್ತೊಂದು,
ಪಂಪ್‌ಹೌಸಿನಲ್ಲಿ ನಲವತ್ತು ವರ್ಷ ಈ ಜೌಗು ಬಸಿದವನು.
ಅರವತ್ತನಾಲ್ಕರ ಎಂ.ಜಿ., ಬಾಟಲಿ ಹಸಿರು, ಎರಡೇ ಸೀಟು.
‘ದಾರಿ ಚೆನ್ನಾಗೇ ಕಾಣುತ್ತಿತ್ತಲ್ಲ’ ಅಂದ.
‘ನಿನಗೆ’ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು,
‘ಭಾನುವಾರ ಬರುತ್ತೀಯಾ? ಹಿಂದೆ ನಿಂತು ಹೇಳುವವರು ಬೇಕು.
ಬ್ರೇಕು ತುಳಿಯುವ ಕಾಲು ಮುಂದಿದೆ,
ದೀಪ ಹಿಂದಿದೆ, ನಾನೊಬ್ಬನೇ ಇದ್ದೇನೆ.’

ಹೋದೆ. ಯಾಕೆ ಹೋದೆನೋ.
ಶೆಡ್ಡಿನಲ್ಲಿ ಸೀಮೆಎಣ್ಣೆ ಹೀಟರಿನ ಕಮಟು,
ಬಿಸ್ಕತ್ತಿನ ಡಬ್ಬಿ ತುಂಬ ಸ್ಕ್ರೂ,
ಸ್ಕ್ರೂ ಡಬ್ಬಿಯಲ್ಲಿ ಬಿಸ್ಕತ್ತು.
ಕೆಂಪು ಗಾಜು ಬಿಚ್ಚಿದರೆ ಒಳಗೆ
ಸತ್ತ ನೊಣ ಮೂರು,
ಬೆಳ್ಳಿ ಸುಲಿದು ಬೂದಿ ಬಣ್ಣಕ್ಕೆ ತಿರುಗಿದ ಬಟ್ಟಲು,
ಮಸಿ ಹಿಡಿದ ಬಲ್ಬು, ಇನ್ನೂ ಜೀವ ಹಿಡಿದುಕೊಂಡು.

ಅಂಚೆಯಲ್ಲಿ ಎಲ್‌ಇಡಿ ತರಿಸಿದ್ದ.
ಕೆಂಪು ಗಾಜಿನ ಹಿಂದೆ ಕೆಂಪೇ ಇರಬೇಕಂತೆ,
ಬಿಳಿ ಹಾಕಿದರೆ ಗುಲಾಬಿ.
‘ಗುಲಾಬಿ ಕಂಡು ಯಾವ ಲಾರಿ ನಿಂತೀತು?’

ಹಾಕಿದ. ಕತ್ತಲೆ.
ಒರೆಸಿ, ಊದಿ, ಮತ್ತೆ ಹಾಕಿದ. ಕತ್ತಲೆ.
ಆಮೇಲೆ ಹಣೆ ಚಚ್ಚಿಕೊಂಡು ನಕ್ಕ.
ಆ ಕಾಲದ ಕಾರುಗಳೇ ತಲೆಕೆಳಗು:
ಮೈಯೆಲ್ಲ ಧನ, ತಂತಿಯಲ್ಲಿ ಬರುವುದು ಋಣ.
ಹಳೆಯ ಬಲ್ಬಿಗೆ ಎರಡೂ ಒಂದೇ,
ಯಾವ ಕಡೆಯಿಂದ ಬಂದರೂ ಕೇಳದೆ ಉರಿಯಿತು,
ಚೂರು ಬೆಳಕು, ಉಳಿದದ್ದೆಲ್ಲ ಬಿಸಿ.
ಹೊಸತು ಲೆಕ್ಕದ್ದು.
ಧನ ಬರಬೇಕಾದ ಬಾಗಿಲಿಗೆ ಋಣ ಬಂದರೆ
ಏಳುವುದೇ ಇಲ್ಲ.

ತಿಂಗಳಿಗೊಮ್ಮೆ ಪನೆವೇಜಿಸ್‌ಗೆ, ತಂಗಿಯ ಮನೆಗೆ,
ನಾನು ಕಳಿಸುವ ದುಡ್ಡು ಯಾವ ತಂತಿಯದು
ಎಂದು ಯೋಚಿಸಿದೆ. ಬಿಸ್ಕತ್ತು ತಿಂದೆ.

ತಲೆಕೆಳಗಾದ ಕಾರಿಗೆ ತಲೆಕೆಳಗಾದ ಬಲ್ಬು
ಬರಲು ಹನ್ನೊಂದು ದಿನ.
ಅಷ್ಟರಲ್ಲಿ ಅರ್ಥಿನ ತಂತಿ ಕಚ್ಚುವ ಜಾಗವನ್ನು
ತಗಡು ಹೊಳೆಯುವ ತನಕ ಉಜ್ಜಿದ.
‘ಹತ್ತಿತಾ?’
‘ಹತ್ತಿತು.’
‘ಬ್ರೇಕು?’
ಶೆಡ್ಡಿನ ಗೋಡೆ, ಹೆಂಚು, ನನ್ನ ಎರಡು ಅಂಗೈ,
ಅಂಗಳದ ಆಚೆ ನಿಂತ ಬೆಕ್ಕು
ಎಲ್ಲ ಕೆಂಪಾದವು.
ಏನು ಹೇಳಬೇಕೋ ತೋಚದೆ
‘ಕಪ್ಪೆ’ ಅಂದೆ. ಅವನಿಗೆ ತಿಳಿಯಿತು.

ತಿರುವಿನ ದೀಪ ಮಾತ್ರ ಕಣ್ಣು ಹೊಡೆಯಲೊಲ್ಲದು,
ಹತ್ತಿದ್ದು ಹಾಗೇ ಹತ್ತಿಕೊಂಡಿರುತ್ತದೆ.
ಹಳೆಯ ಫ್ಲ್ಯಾಶರು ಹೊಟ್ಟೆ ಕಾದರೆ ಮಿಡಿಯುವಂಥದು,
ಈ ಹೊಸ ದೀಪಗಳ ಪುಟ್ಟ ಹಸಿವು
ಅದಕ್ಕೆ ತಟ್ಟುವುದೇ ಇಲ್ಲ.
ಇನ್ನೊಂದಕ್ಕೆ ಬರೆದಿದ್ದಾನೆ. ಇನ್ನೂ ಬಂದಿಲ್ಲ.

ನಿನ್ನೆ ಅದೇ ದಾರಿ, ಅದೇ ಮಂಜು,
ತುಂಬಿದ ಲಾರಿ.
ಅರ್ಧ ಮೈಲಿಯಿಂದಲೇ ಎರಡು ಕೆಂಪು, ಗಟ್ಟಿಯಾಗಿ.
ಸೇತುವೆ ಹತ್ತಿರ ಬಂದಾಗ ಬಲಗಡೆ ಕಿಟಕಿಯಿಂದ
ಬಿಳಿ ಉಣ್ಣೆಯ ಗ್ಲೌಸಿನ ಕೈಯೊಂದು ಹೊರಬಂದು
ಹಾಗೇ ಚಾಚಿಕೊಂಡು ನಿಂತಿತು,
ಯಾವ ಶಾಲೆಯಲ್ಲಿ ಕಲಿಸಿದ್ದರೋ, ನೆಟ್ಟಗೆ.

ನಿಧಾನ ಮಾಡಿದೆ.
ಹಿಂದೆ ಗೆಡ್ಡೆಗಳು ಸದ್ದು ಮಾಡಲಿಲ್ಲ.